ಬಿಲ ತೋಡಿದರೆ ಕೆಸರು ಸಡಿಲವೇ?

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನಡೆದರೆ ಒಂದು ಕಡೆ ಕಾಲು ಮೊಣಕಾಲುದ್ದ ಹೂತುಹೋಗುತ್ತದೆ, ನಾಲ್ಕು ಹೆಜ್ಜೆ ಆಚೆ ನೆಲ ಗಟ್ಟಿ. ಹುಳು, ಏಡಿಗಳು ಬಿಲ ತೋಡಿದ್ದೇ ಕಾರಣವೇ? ಪ್ರಾಜೆಕ್ಟಿಗೆ ಅಳೆಯುವುದು ಹೇಗೆ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದರೂ ‘ಬಿಲ ಎಂದರೆ ಸಡಿಲ’ ಎಂಬ ನಂಬಿಕೆಯನ್ನು ಹೊತ್ತುಕೊಂಡೇ ಬರುತ್ತದೆ. ಗದ್ದೆಯ ಎರೆಹುಳುವಿನ ಪಾಠವನ್ನು ಕಡಲಿಗೆ ಅಂಟಿಸಬೇಡಿ. ಮೊಣಕಾಲುದ್ದ ಹೂಳುವುದು ಮೊದಲಿಗೆ ಜೇಡಿ, ಮರಳು, ನೀರಿನ ಲೆಕ್ಕ. ಪ್ರಾಣಿಗಳು ಕಲಸುವ ಪದರದ ಆಳ ಜಗತ್ತಿನ ಸರಾಸರಿಯಲ್ಲಿ 10 ಸೆಂ.ಮೀ. ಆಸುಪಾಸು, ಅಷ್ಟೇ.

ಆ ಪದರದಲ್ಲಿ ಯಾರಿದ್ದಾರೆ ಎಂದು ನೋಡಿ. ಕೆಸರು ತಿನ್ನುವ ಜೀವಿಗಳು ಜೇಡಿಯನ್ನು ಹಿಕ್ಕೆಯ ಗುಳಿಗೆ ಮಾಡಿ ಮೇಲಕ್ಕೆ ಹಾಕುತ್ತವೆ. ಗುಳಿಗೆಗಳ ನಡುವೆ ನೀರು ತುಂಬಿ ಮೇಲ್ಪದರ ಅಂಬಲಿಯಂತಾಗುತ್ತದೆ, ಸಣ್ಣ ಅಲೆಗೂ ಎದ್ದು ಕದಡುತ್ತದೆ. ನೀರು ಸೋಸಿ ತಿನ್ನುವ ಜೀವಿಗಳಿಗೆ ಅಲ್ಲಿ ನೆಲೆ ಸಿಗುವುದಿಲ್ಲವೆಂದು ಅಮೆರಿಕದ ಬಝರ್ಡ್ಸ್ ಕೊಲ್ಲಿಯ ಕೆಸರನ್ನು ಅಭ್ಯಾಸ ಮಾಡಿದ ರೋಡ್ಸ್ ಮತ್ತು ಯಂಗ್ 1970ರಲ್ಲೇ ಬರೆದರು. ಆದರೆ ಕೊಳವೆ ಕಟ್ಟಿಕೊಂಡು ಒತ್ತೊತ್ತಾಗಿ ಬದುಕುವ ಹುಳುಗಳಿದ್ದರೆ ಅವುಗಳ ಲೋಳೆ ಮರಳನ್ನು ಹಿಡಿದಿಡುತ್ತದೆ. ಅವೇ ಕೊಳವೆಗಳು ವಿರಳವಾಗಿದ್ದರೆ ನೀರು ಸುತ್ತ ಸುಳಿದು ಮರಳನ್ನು ಕೊರೆಯುತ್ತದೆ.

ನೀರಿಸ್ ಎಂಬ ಕಡಲ ಹುಳು ಕೆಸರನ್ನು ಅಗೆಯುವುದೂ ಇಲ್ಲ. ಗಂಟಲನ್ನು ಹೊರಚಾಚಿ ಬೆಣೆಯಂತೆ ಒತ್ತುತ್ತದೆ, ಮುಂದೆ ಕೆಸರು ಬಿರುಕು ಬಿಡುತ್ತದೆ, ಬಿರುಕಿನೊಳಗೆ ಮೈ ತೂರಿಸುತ್ತದೆ. ಕೋರ್, ಅಂದರೆ ಕೊಳವೆ ಒತ್ತಿ ತೆಗೆದ ಕೆಸರಿನ ಕಂಬ, ಸೀಳಿ ನೋಡಿ: ಕಪ್ಪು ಕೆಸರಿನ ನಡುವೆ ಬಿಲದ ಸುತ್ತ ಕೆಲವೇ ಮಿ.ಮೀ. ದಪ್ಪದ ತುಕ್ಕುಬಣ್ಣದ ಉಂಗುರ ಕಾಣುತ್ತದೆ. ಹುಳು ಮೈ ಅಲೆಯಾಡಿಸಿ ಎಳೆದುಕೊಂಡ ನೀರಿನ ಆಮ್ಲಜನಕ ತಲುಪಿದ್ದು ಅಲ್ಲಿಯವರೆಗೆ.

ಅಳತೆಗೆ 10 ಸೆಂ.ಮೀ. ವ್ಯಾಸದ, ಅಂಚು ಹರಿತವಾದ ಕೊಳವೆ ಬಳಸಿ. ವೇನ್ ಶಿಯರ್ ಅಳತೆಯನ್ನು (ರೆಕ್ಕೆಯಿರುವ ಸಲಾಕೆಯನ್ನು ಕೆಸರಿಗೆ ಚುಚ್ಚಿ ತಿರುಗಿಸಿ ಗಟ್ಟಿತನ ನೋಡುವುದು) ಪಕ್ಕದಲ್ಲೇ, ಯಾರೂ ತುಳಿಯದ ಜಾಗದಲ್ಲಿ ಮೊದಲೇ ಮುಗಿಸಿ. ಕೊಳವೆ ಒತ್ತಿದ ಮೇಲೆ ಒಳಗಿನ ಕೆಸರಿನ ಮಟ್ಟ ಹೊರಗಿನದಕ್ಕಿಂತ ತಗ್ಗಿದ್ದರೆ ಕೋರ್ ಅದುಮಿಹೋಗಿದೆ, ಚೆಲ್ಲಿ ಇನ್ನೊಂದು ತೆಗೆಯಿರಿ. ಬೈಕಿನ ಮೇಲೆ ಅಡ್ಡ ಮಲಗಿಸಿ ತಂದ ಕೋರ್ ಯಾವುದಕ್ಕೂ ಬಾರದು. ಕುಲುಕಾಟಕ್ಕೆ ಪದರಗಳು ಕಲಸಿಹೋಗುತ್ತವೆ. ದಡದಲ್ಲೇ 1 ಸೆಂ.ಮೀ. ಹೋಳು ಮಾಡಿ, ಡಬ್ಬಿಗೆ ಹಾಕಿ ಮುಚ್ಚಿ. ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ. ಇಳಿದ ತೂಕ ಆ ಹೋಳಿನಲ್ಲಿದ್ದ ನೀರಿನದು. ಒಣಗಿದ ತೂಕದಿಂದ ಉಪ್ಪಿನ ತೂಕ ಕಳೆಯಿರಿ. ಪಕ್ಕದ ಇನ್ನೊಂದು ಕೋರನ್ನು 0.5 ಮಿ.ಮೀ. ಜರಡಿಯಲ್ಲಿ ಸೋಸಿ ಜೀವಿಗಳನ್ನು ಎಣಿಸಿ. ದಯವಿಟ್ಟು ಎಲ್ಲ ಹೋಳು ಕಲಸಿ ಒಂದೇ ಅಂಕಿ ಬರೆಯಬೇಡಿ. ನೀವು ಹುಡುಕುತ್ತಿರುವ ವ್ಯತ್ಯಾಸವೇ ಅಲ್ಲಿ ಅಳಿಸಿಹೋಗುತ್ತದೆ.

ಒಬ್ಬರೇ ಇಳಿಯಬೇಡಿ. ಬಳಚು ಹೆಕ್ಕುವವರು ಹೇಳಿದ ದಾರಿಯಲ್ಲೇ ಹೋಗಿ, ಭರತ ಏರುವ ಮೊದಲೇ ದಡ ಸೇರಿ.

ಪ್ರಶ್ನೆ: ತಳದ ಕೆಸರು ಕಪ್ಪಗಿದ್ದರೆ ವಿಷವೇ?

ಉತ್ತರ: ಕಪ್ಪು ಬಣ್ಣವೇ ವಿಷದ ಗುರುತಲ್ಲ, ಅದು ಕಬ್ಬಿಣದ ಸಲ್ಫೈಡಿನದು.

ಪ್ರಶ್ನೆ: ಅಳಿವೆಗೆ ಎರೆಹುಳು ಬಿಡಬಹುದೇ?

ಉತ್ತರ: ಉಪ್ಪುನೀರಿಗೆ ಸಾಯುತ್ತವೆ. ಬೇಡ.

ಪ್ರಶ್ನೆ: ಸಿಗಡಿ ಕೆರೆಯ ತಳಕ್ಕೆ ‘ಹುಳುವಿನ ಕೆಲಸ ಮಾಡುವ’ ಪುಡಿ ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಪುಡಿ ಬಿಲ ತೋಡುವುದಿಲ್ಲ, ಕೆಸರಿನೊಳಗೆ ನೀರು ಹಾಯಿಸುವುದೂ ಇಲ್ಲ. ಒಳಗೇನಿದೆ ಎಂದು ಬರೆಯದ ಪೊಟ್ಟಣ ಮಾರಿ ರೈತರ ಹಣ ಕೀಳುವವರನ್ನು ಅಂಗಳಕ್ಕೂ ಸೇರಿಸಬೇಡಿ. ಫಸಲು ತೆಗೆದ ಮೇಲೆ ನೀರು ಬಸಿದು, ತಳ ಬಿರುಕು ಬಿಡುವವರೆಗೆ ಬಿಸಿಲಿಗೆ ಒಣಗಿಸಿ, ಮೇಲಿನ ಕಪ್ಪು ಪದರ ಕೆರೆದು ಹೊರಹಾಕಿ.