ಈಡಿತ್‌ಗೆ ಸಮಾಧಾನ ಹೇಳಿದವನು ನಾಸ್ತಿಕನೇಕೆ?

ಮಾನ್ಯರೇ,

ಅಮೆರಿಕದ ಹಾಸ್ಯ ಧಾರಾವಾಹಿ ‘ಆಲ್ ಇನ್ ದಿ ಫ್ಯಾಮಿಲಿ’ಯನ್ನು ಕುರಿತ ನಮ್ಮ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ದೇವರ ವಿಚಾರ ನಗೆಯಾಟದಲ್ಲಿ ಬರಬಾರದಿತ್ತು ಎನ್ನುತ್ತೀರಿ. ಅದರಲ್ಲಿ ಬಂಕರ್ ಕುಟುಂಬದ ಗೃಹಿಣಿ, ಭಕ್ತೆ ಈಡಿತ್‌ಗೆ ಅವಳ ನಾಸ್ತಿಕ ಅಳಿಯ ಮೈಕ್‌ನಿಂದ ಸಮಾಧಾನ ಹೇಳಿಸಿದ್ದು ನಂಬುವವರಿಗೆ ಅವಮಾನ ಎಂದೂ ನೊಂದು ಬರೆದಿದ್ದೀರಿ.

ಮೊದಲ ಮಾತನ್ನು ನಾನು ಒಪ್ಪುವುದಿಲ್ಲ. ಏಳು ವರ್ಷಗಳಿಂದ ವಾರವಾರವೂ ಮನೆಮನೆಗೆ ಬಂದು ನಗಿಸಿದ ಈಡಿತ್ ಚರ್ಚಿಗೆ ಹೋಗುವುದಿಲ್ಲ ಎಂದಾಗ ನೋಡುವವರಿಗೆ ಆಗುವ ಸಂಕಟ, ಯಾವ ಗಂಭೀರ ನಾಟಕದ ಅಪರಿಚಿತ ಪಾತ್ರದಿಂದಲೂ ಆಗದು.

ಎರಡನೆಯದು ನಿಧಾನವಾಗಿ ಉತ್ತರಿಸಬೇಕಾದ ಪ್ರಶ್ನೆ. 1977ರ ಡಿಸೆಂಬರಿನ ಆ ಎರಡು ಭಾಗಗಳ ಕಂತಿನಲ್ಲಿ, ಹೆಣ್ಣುವೇಷ ತೊಟ್ಟು ರಂಗದ ಮೇಲೆ ಕಾಣಿಸಿಕೊಳ್ಳುವ ಈಡಿತ್‌ಳ ಗೆಳೆಯ ಬೆವರ್ಲಿ ಲಸಾಲ್ ಎಂಬ ಕಲಾವಿದ ಕ್ರಿಸ್‌ಮಸ್ ಹೊತ್ತಿನಲ್ಲಿ ಬೀದಿಯಲ್ಲಿ ಕೊಲೆಯಾಗುತ್ತಾನೆ. ಮೈಕ್‌ನನ್ನು ದುಷ್ಕರ್ಮಿಗಳಿಂದ ಬಿಡಿಸಲು ಹೋಗಿ ಸತ್ತವನು ಅವನು; ಆದರೆ ಅವರು ಅವನನ್ನು ಕೊಂದದ್ದು ಅವನು ಇದ್ದ ರೀತಿಗಾಗಿ. ತಾನು ಇದ್ದಂತೆ ಬದುಕಿದ್ದಕ್ಕೆ ಒಬ್ಬನನ್ನು ಕೊಲ್ಲುವುದಾದರೆ, ಎಲ್ಲರೂ ದೇವರ ಮಕ್ಕಳು ಎಂಬ ಮಾತಿಗೆ ಅರ್ಥವೇನು? ಈಡಿತ್‌ಳನ್ನು ಕಾಡಿದ್ದು ಈ ಪ್ರಶ್ನೆ.

ಗಂಡ ಆರ್ಚಿಗೆ ಉತ್ತರ ಹೇಳಲು ಬರುವುದಿಲ್ಲ. ದೇವರ ಹೆಸರಿನಲ್ಲಿ ಎಷ್ಟು ಗದ್ದಲ ಮಾಡಿದರೂ ಭಾನುವಾರ ಚರ್ಚಿಗೆ ಹೋಗುತ್ತಿದ್ದವಳು ಹೆಂಡತಿಯೇ. ಅವನ ನಂಬಿಕೆ ನಿಂತಿದ್ದು ಅವಳ ನಂಬಿಕೆಯ ಆಸರೆಯಲ್ಲಿ. ಹಾಗಾಗಿ ಅವನು ಹೆದರುತ್ತಾನೆ, ರೇಗುತ್ತಾನೆ. ಉಳಿದವನು ಮೈಕ್. ಇದೇ ಮೈಕ್ ತನ್ನ ಮಗುವಿಗೆ ದೀಕ್ಷಾಸ್ನಾನ (ನೀರು ಹಾಕಿ ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ) ಬೇಡವೆಂದು ಹಟ ಹಿಡಿದಿದ್ದ. 1976ರ ಕಂತೊಂದರಲ್ಲಿ ಆರ್ಚಿ ಮೊಮ್ಮಗನನ್ನು ಗುಟ್ಟಾಗಿ ಚರ್ಚಿಗೆ ಎತ್ತಿಕೊಂಡು ಹೋಗಿ ತಾನೇ ನೀರು ಹಾಕಿ ಬಂದಿದ್ದ. ಅಂಥ ಮನೆಯಲ್ಲಿ ಅತ್ತೆಯ ಭಕ್ತಿ ಕುಸಿದದ್ದು ಅಳಿಯನಿಗೆ ಗೆಲುವಾಗಿ ಕಾಣಬಹುದಿತ್ತು. ಅವನು ಆ ಗೆಲುವನ್ನು ಮುಟ್ಟುವುದಿಲ್ಲ. ಎಲ್ಲವೂ ಒಮ್ಮೆಲೇ ಅರ್ಥವಾಗಬೇಕೆಂದಿಲ್ಲ, ಸ್ವಲ್ಪಸ್ವಲ್ಪವಾಗಿ ಅರ್ಥವಾಗಬಹುದು, ನೀವು ನಮಗೆಲ್ಲ ಬೇಕು ಎಂಬ ಭಾವದಲ್ಲಿ ಮಾತಾಡುತ್ತಾನೆ. ದೇವರಿದ್ದಾನೆ ಎಂದು ಸುಳ್ಳೇ ಒಪ್ಪಿಕೊಳ್ಳುವುದೂ ಇಲ್ಲ. ಇದರಲ್ಲಿ ಅವಮಾನ ಎಲ್ಲಿದೆ, ಹೇಳಿ? ತನಗಿಲ್ಲದ ನಂಬಿಕೆ ಇನ್ನೊಬ್ಬರಿಗೆ ಉಸಿರಿನಷ್ಟೇ ಅಗತ್ಯವೆಂದು ಅರಿತು ನಡೆಯುವುದು ದೊಡ್ಡ ಗೌರವ ಎಂದೇ ನನ್ನ ಎಣಿಕೆ. ಆ ಮನೆ ಬೆಳೆದದ್ದು ಆ ಗಳಿಗೆಯಲ್ಲಿ.

ಈಡಿತ್ ಊಟದ ಮೇಜಿಗೆ ಬಂದು ಪ್ರಾರ್ಥಿಸುತ್ತಾಳೆ. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. ಅರ್ಥವಾಗದ್ದನ್ನು ಅರ್ಥವಾಗದೆಂದೇ ಉಳಿಸಿಕೊಂಡು ಕೃತಜ್ಞತೆ ಹೇಳುತ್ತಾಳೆ. ಈಡಿತ್ ಪಾತ್ರದ ನಟಿ ಜೀನ್ ಸ್ಟೇಪಲ್ಟನ್ ಅದನ್ನು ಅಭಿನಯಿಸಿದ ರೀತಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ನೀವು ಎತ್ತದ ಒಂದು ಆಕ್ಷೇಪ ನನ್ನದೇ ಇದೆ. 1975ರಲ್ಲಿ ಆರ್ಚಿಯ ಟ್ಯಾಕ್ಸಿಯಲ್ಲಿ ಪ್ರಜ್ಞೆ ತಪ್ಪಿ, ಅವನಿಂದಲೇ ಜೀವ ಉಳಿಸಿಕೊಂಡು ಈ ಮನೆಯ ಪರಿಚಯವಾದವನು ಬೆವರ್ಲಿ. ಅವನ ಸಾವು ಈಡಿತ್‌ಳ ಸಂಕಟಕ್ಕೆ ಕಾರಣವಾದ ಮೇಲೆ, ಕಥೆಯ ಕಣ್ಣು ಬಂಕರ್ ಕುಟುಂಬದ ಮೇಲೆಯೇ ನೆಡುತ್ತದೆ. ಅವನಿಗೂ ಒಂದು ಮನೆ, ತನ್ನವರು ಇದ್ದಿರಬೇಕಲ್ಲವೇ? ಈ ಧಾರಾವಾಹಿಯನ್ನು ರೂಪಿಸಿದ ನಾರ್ಮನ್ ಲಿಯರ್‌ರಂಥ ಧೈರ್ಯಸ್ಥ ನಿರ್ಮಾಪಕರು ಆ ಕಡೆಗೂ ಒಂದು ದೃಶ್ಯ ಕೊಡಬಹುದಿತ್ತು.

– ಸಂಪಾದಕ