ಎನ್‌ಜಿಸ್ಪೈಸ್‌ನಲ್ಲಿ ಡಯೋಡಿನ ವೋಲ್ಟೇಜ್ ಅಳತೆಗೆ ಹೊಂದದಿರುವುದರ ಬಗ್ಗೆ

ನಮಸ್ಕಾರ. 1ಎನ್4007 ಡಯೋಡಿನ ಮೇಲೆ 1 ಆಂಪಿಯರ್‌ನಲ್ಲಿ ಮೀಟರ್ 0.93 ವೋಲ್ಟ್ ತೋರಿಸಿದರೆ ಎನ್‌ಜಿಸ್ಪೈಸ್ (ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಪರೀಕ್ಷಿಸುವ ತಂತ್ರಾಂಶ) 0.83 ಏಕೆ ಕೊಡುತ್ತದೆ ಎಂದು ಕೇಳಿದ್ದೀರಿ. ನೀವು ಡಯೋಡಿನ ಗುಣಗಳನ್ನು ತಿಳಿಸುವ ಮಾಡೆಲ್ ಸಾಲಿನಲ್ಲಿ ಬರೀ 'ಡಿ' ಎಂದಷ್ಟೇ ಬರೆದಿದ್ದೀರಿ. ಆಗ ತಂತ್ರಾಂಶವು ಐಎಸ್ (ಸ್ಯಾಚುರೇಷನ್ ಕರೆಂಟ್) ಅನ್ನು 10 ಫೆಮ್ಟೋಆಂಪಿಯರ್, ಎನ್ (ಆದರ್ಶ ಡಯೋಡಿನಿಂದ ಎಷ್ಟು ದೂರ ಎಂಬುದರ ಅಂಕಿ) ಅನ್ನು 1, ಆರ್‌ಎಸ್ (ಡಯೋಡಿನ ಒಳಗಿನ ರೋಧ) ಅನ್ನು ಸೊನ್ನೆ ಎಂದು ತಾನೇ ಹಿಡಿಯುತ್ತದೆ. ಅದು ನಿಮ್ಮ ಕೈಯಲ್ಲಿರುವ ಡಯೋಡ್ ಅಲ್ಲ.

ರಾಯಚೂರಿನ ಬಿಸಿಲೂ ಕಾರಣವಲ್ಲ. ತಂತ್ರಾಂಶ 27 ಡಿಗ್ರಿಯೆಂದು ಭಾವಿಸುತ್ತದೆ, ನಿಮ್ಮ ಕೋಣೆ 40 ಡಿಗ್ರಿಯಲ್ಲಿದೆ. ಆದರೆ ಡಯೋಡ್ ಬಿಸಿಯಾದರೆ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯಬೇಕೇ ಹೊರತು ಏರಬಾರದು.

ನಿಮ್ಮ ಅಳತೆಗಳಲ್ಲೇ ಉತ್ತರವಿದೆ, ಅವನ್ನು ಇಷ್ಟು ಜತನದಿಂದ ಬರೆದಿಟ್ಟಿದ್ದು ನಿಜಕ್ಕೂ ಸಂತೋಷ. 1 ಮಿಲಿಆಂಪಿಯರ್‌ನಲ್ಲಿ 0.56, 10ರಲ್ಲಿ 0.66 ವೋಲ್ಟ್, ಅಂದರೆ ಕರೆಂಟ್ ಹತ್ತುಪಟ್ಟಾದಾಗ 100 ಮಿಲಿವೋಲ್ಟ್ ಏರಿಕೆ. 40 ಡಿಗ್ರಿಯಲ್ಲಿ ಆದರ್ಶ ಡಯೋಡಿಗೆ ಇದು 62 ಆಗಿರುವುದರಿಂದ ಎನ್ ಸುಮಾರು 1.6, ಅದರಿಂದ ಐಎಸ್ ಸುಮಾರು 2.5 ನ್ಯಾನೋಆಂಪಿಯರ್. ಇದೇ ಗತಿಯಲ್ಲಿ 1 ಆಂಪಿಯರ್‌ಗೆ 0.86 ಬರಬೇಕಿತ್ತು, ಉಳಿದ 0.07 ವೋಲ್ಟ್ ಒಳಗಿನ ರೋಧದ್ದು, ಹಾಗಾಗಿ ಆರ್‌ಎಸ್ 0.07 ಓಮ್. ಟಿನಾಮ್ (ಈ ಅಂಕಿಗಳನ್ನು ಅಳೆದ ಉಷ್ಣಾಂಶ) ಅನ್ನೂ ಸಿಮ್ಯುಲೇಷನ್ ಉಷ್ಣಾಂಶವನ್ನೂ 40ಕ್ಕೆ ಇಡಿ. 1 ಆಂಪಿಯರ್ ಅಳತೆಯನ್ನು, ಡಯೋಡ್ ಬಿಸಿಯಾಗುವ ಮೊದಲೇ, ಇನ್ನೊಮ್ಮೆ ತೆಗೆದುಕೊಳ್ಳಿ.

50 ಹರ್ಟ್ಸ್ ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟ್) ಇಷ್ಟು ಸಾಕು. ಮುಂದೆ ಇದೇ ಮಾಡೆಲನ್ನು ಹೆಚ್ಚು ಆವರ್ತನದ ಸರ್ಕ್ಯೂಟಿನಲ್ಲಿ ಬಳಸುವುದಾದರೆ ಟಿಟಿ (ಟ್ರಾನ್ಸಿಟ್ ಸಮಯ) ಮತ್ತು ಸಿಜೆಒ (ಜಂಕ್ಷನ್ ಕೆಪಾಸಿಟೆನ್ಸ್) ಮೌಲ್ಯಗಳನ್ನೂ ಕೊಡಬೇಕಾಗುತ್ತದೆ.