ಎರವಲು ಕೊಟ್ಟ ಹುಡುಗ ಆಡ್ತಾನಾ, ಬೆಂಚ್ ಕಾಯ್ತಾನಾ?

ಫುಟ್‌ಬಾಲ್: ಓದುಗರ ಪ್ರಶ್ನೆಗೆ ನಮ್ಮ ಕೋಚ್ ಉತ್ತರ

ಪ್ರಶ್ನೆ: ಸರ್, ನನ್ನ ಮಗನಿಗೆ ಈಗ 19. ಸ್ಟ್ರೈಕರ್, ಅಂದ್ರೆ ಮುಂದೆ ನಿಂತು ಗೋಲು ಹೊಡೆಯೋನು. 13ನೇ ವಯಸ್ಸಿಗೆ ದೊಡ್ಡ ಕ್ಲಬ್ಬೊಂದರ ಅಕಾಡೆಮಿ ಸೇರಿದ. ಒಂದು ವರ್ಷದಿಂದ ಮೇನ್ ಟೀಮಿನ ಜೊತೆ ಪ್ರ್ಯಾಕ್ಟೀಸ್ ಮಾಡ್ತಿದ್ದಾನೆ. ಎರಡು ಸಲ ಬೆಂಚಿನ ಮೇಲೆ ಕೂರಿಸಿದ್ದಾರೆ, ಒಂದು ನಿಮಿಷವೂ ಆಡಿಸಿಲ್ಲ. ಈಗ ಕೆಳಗಿನ ಡಿವಿಷನ್ನಿನ ಒಂದು ತಂಡಕ್ಕೆ ವರ್ಷದ ಮಟ್ಟಿಗೆ ಲೋನ್ ಕೊಡ್ತೀವಿ ಅಂತಿದ್ದಾರೆ. ಇನ್ನೊಂದು ಕ್ಲಬ್ ಪೂರ್ತಿ ಕೊಂಡುಕೊಂಡು ಮೂರು ವರ್ಷದ ಕಾಂಟ್ರಾಕ್ಟ್ ಕೊಡೋಕೆ ತಯಾರಿದೆ. ಮಗ ಇಲ್ಲೇ ಇರ್ತೀನಿ ಅಂತಾನೆ. ನಮ್ಮವ್ವ ಲೋನ್ ಅನ್ನೋ ಮಾತು ಕೇಳಿ, ‘ಹುಡುಗನ ಮೇಲೆ ಯಾಕ್ ಸಾಲ ಮಾಡಿದ್ರಿ’ ಅಂತ ಊಟ ಬಿಟ್ಟು ಕೂತಿದ್ದಾಳೆ. ನಾನು ಜೀನ್ಸ್ ಹೊಲಿಯೋನು, ಇದೆಲ್ಲ ತಿಳಿಯಲ್ಲ. ಏನು ಮಾಡಲಿ?
— ಒಬ್ಬ ತಂದೆ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮೊದಲು ಅವ್ವನಿಗೆ ಊಟ ಮಾಡಿಸಿ. ಇದು ಸಾಲ ಅಲ್ಲ, ಎರವಲು ಅಂತ ಹೇಳಿ. ಬಿತ್ತನೆ ಟೈಮಲ್ಲಿ ಪಕ್ಕದ ಹೊಲದವರಿಗೆ ಎತ್ತು ಕೊಡ್ತಿದ್ದರಲ್ಲ, ಹಾಗೆ. ಎತ್ತು ನಮ್ಮದೇ, ಕೆಲಸ ಅವರ ಹೊಲದಲ್ಲಿ. ಅವ್ವ ಆಗ ಏನು ಕೇಳ್ತಿದ್ದರು? ಮೇವು ಯಾರು ಹಾಕ್ತಾರೆ, ಕಾಲು ಮುರಿದರೆ ಯಾರ ಜವಾಬ್ದಾರಿ, ದಿನಾ ಹೂಡ್ತಾರೋ ಇಲ್ಲ ಸುಮ್ನೆ ಗೂಟಕ್ಕೆ ಕಟ್ಟಿ ಹಾಕ್ತಾರೋ. ನೀವು ಕ್ಲಬ್ಬಿಗೆ ಕೇಳಬೇಕಾದ ಪ್ರಶ್ನೆಗಳೂ ಇವೇ. ಮೂರನೆಯದು ಎಲ್ಲಕ್ಕಿಂತ ದೊಡ್ಡದು.

ನಿಮ್ಮ ಕೆಲಸ ಪೀಸ್ ಲೆಕ್ಕದ್ದು. ಮಷೀನ್ ಪಕ್ಕ ನಿಂತು ಒಂದು ವರ್ಷ ನೋಡಿದ ಹುಡುಗನಿಗೂ, ದಿನಾ ನಲವತ್ತು ಪೀಸ್ ಹೊಲಿದ ಹುಡುಗನಿಗೂ ಕೈ ಒಂದೇ ಥರ ಓಡುತ್ತಾ? ಫುಟ್‌ಬಾಲಿನಲ್ಲಿ ಪೀಸ್ ಅಂದ್ರೆ ನಿಮಿಷ. 2024-25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್, ದೇಶದ ದೊಡ್ಡ ಲೀಗ್) 13 ತಂಡ ಇದ್ದವು, ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ 24 ಮ್ಯಾಚ್. ಅಂದ್ರೆ 2,160 ನಿಮಿಷ. ಅದರಲ್ಲಿ ನಿಮ್ಮ ಮಗನಿಗೆ ಸಿಕ್ಕಿದ್ದು ಸೊನ್ನೆ. 19ರ ಹುಡುಗ ಒಂದು ಸೀಸನ್ನಿಗೆ ಯಾವುದಾದರೂ ಗಟ್ಟಿ ಲೀಗಿನಲ್ಲಿ ಸಾವಿರದೈನೂರು ನಿಮಿಷವಾದರೂ ಆಡಬೇಕು ಅನ್ನೋದು ನನ್ನ ಲೆಕ್ಕ. ಸುಮಾರು 17 ಪೂರ್ತಿ ಮ್ಯಾಚ್. ಇದು ಯಾವ ಪುಸ್ತಕದ ಲೆಕ್ಕವೂ ಅಲ್ಲ, ಹುಡುಗರನ್ನ ನೋಡಿ ನೋಡಿ ಬಂದದ್ದು.

ಇಲ್ಲೇ ಇದ್ದರೆ ಅಷ್ಟು ಸಿಗುತ್ತಾ? ಅವನು ಆಡೋ ಜಾಗ ಕೇಳಿದರೆ ನನಗೆ ಅನುಮಾನ. 2021-22ರಿಂದ ಐಎಸ್‌ಎಲ್ ಮೈದಾನದಲ್ಲಿ ಒಂದು ಹೊತ್ತಿಗೆ ಕನಿಷ್ಠ 7 ಜನ ಭಾರತೀಯರು ಇರಬೇಕು ಅನ್ನೋ ನಿಯಮ ಬಂತು. ಉಳಿದ ನಾಲ್ಕು ಜಾಗ ವಿದೇಶಿಯರಿಗೆ. ದುಡ್ಡು ಕೊಟ್ಟು ಕರೆಸಿದವರನ್ನ ಕ್ಲಬ್ಬುಗಳು ಎಲ್ಲಿ ನಿಲ್ಲಿಸ್ತವೆ? ಜಾಸ್ತಿ ಎದುರಾಳಿ ಗೋಲಿನ ಮುಂದೆಯೇ, ಸ್ಟ್ರೈಕರ್ ಜಾಗದಲ್ಲಿ. ನಿಮ್ಮ ಮಗ ಲೆಫ್ಟ್ ಬ್ಯಾಕ್, ಅಂದ್ರೆ ಹಿಂದೆ ಎಡಗಡೆ ನಿಂತು ತಡೆಯೋನು ಆಗಿದ್ದರೆ ‘ಇರಲಿ ಬಿಡಿ, ಆರು ತಿಂಗಳು ಕಾಯಲಿ’ ಅಂತಿದ್ದೆ. ಗೋಲ್‌ಕೀಪರ್ ಆಗಿದ್ದರೆ ಎರಡು ವರ್ಷ ಕಾಯೋಕೂ ಹೇಳ್ತಿದ್ದೆ. ಸ್ಟ್ರೈಕರ್ ಕತೆ ಬೇರೆ.

ಹಾಗಂತ ಬಾಗಿಲು ಮುಚ್ಚಿದೆ ಅಂತಲ್ಲ. ಬೆಂಗಳೂರು ಎಫ್‌ಸಿಯ ಶಿವಶಕ್ತಿ ನಾರಾಯಣನ್ ಮುಂಚೂಣಿಯಲ್ಲೇ ಆಡಿ 2022-23ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಗೆದ್ದ. ಅದೇ ಕ್ಲಬ್ಬಿನ ಅಕಾಡೆಮಿ ಹುಡುಗ ವಿನೀತ್ ವೆಂಕಟೇಶ್ 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೋಲು ಹೊಡೆದ, ಮ್ಯಾಚ್ 1-0. ನಿಮ್ಮ ಮಗ ಹೇಳೋದೂ ಇಂಥವರ ಹೆಸರುಗಳನ್ನೇ ಇರಬೇಕು. ಆದರೆ ಇವರನ್ನ ಕೋಚ್ ಆಡಿಸಿದರು. ನಿಮ್ಮವನನ್ನ ಒಂದು ವರ್ಷದಲ್ಲಿ ಕೊನೆಯ ಐದು ನಿಮಿಷಕ್ಕೂ ಇಳಿಸಿಲ್ಲ. ಕೋಚ್ ಬಾಯಿಬಿಟ್ಟು ಹೇಳದ ಉತ್ತರ ಅದರಲ್ಲೇ ಇದೆ ಅಲ್ವಾ?

ಹಾಗಾದ್ರೆ ಲೋನಾ? ನನ್ನ ಉತ್ತರ ಹೌದು, ಆದರೆ ಷರತ್ತಿನ ಮೇಲೆ. ಕೆಲವು ವರ್ಷದ ಹಿಂದೆ ಲೋನ್ ಮುಗಿಸಿ ಬಂದ ಹುಡುಗನೊಬ್ಬ ಸಂಜೆ ನಮ್ಮ ಮೈದಾನಕ್ಕೆ ಬಂದ. ಹೇಗಾಯ್ತಪ್ಪ ಅಂದೆ. ‘ಚೆನ್ನಾಗಿತ್ತು ಸರ್’ ಅಂದ. ಬ್ಯಾಗಿನಿಂದ ಎರಡು ಜೊತೆ ಬೂಟು ತೆಗೆದ. ಪ್ರ್ಯಾಕ್ಟೀಸಿನದು ಹೆಬ್ಬೆರಳ ಹತ್ತಿರ ಬಾಯಿ ಬಿಟ್ಟಿತ್ತು, ಫೆವಿಕ್ವಿಕ್ ಹಾಕಿ ಅಂಟಿಸಿದ್ದ. ಮ್ಯಾಚಿಗೆ ಅಂತ ಅವರಪ್ಪ ಕೊಡಿಸಿದ್ದ ಬೂಟಿನ ಸ್ಟಡ್ ಒಂಚೂರೂ ಸವೆದಿರಲಿಲ್ಲ. ಏಳು ತಿಂಗಳಲ್ಲಿ ಅವನು ಆಡಿದ್ದು 43 ನಿಮಿಷ. ಲೋನ್ ತಗೊಂಡ ಕ್ಲಬ್ಬಿಗೆ ಸೀಸನ್ ಮಧ್ಯೆ ಹೊಸ ಕೋಚ್ ಬಂದಿದ್ದರು, ಅವರು ತಮ್ಮ ಹುಡುಗರನ್ನ ಕರೆತಂದಿದ್ದರು. ಕಳಿಸಿದ ಕ್ಲಬ್ಬಿನಿಂದ ಒಂದು ಫೋನೂ ಇಲ್ಲ. ಇಂಥ ಲೋನ್ ಹುಡುಗನನ್ನ ಬೆಳೆಸೋಕಲ್ಲ, ಮೆಸ್ಸಿನ ಖರ್ಚು ಉಳಿಸೋಕೆ.

ಅದಕ್ಕೇ ಕಾಗದ ನೋಡಿ. ಲೋನ್ ಒಪ್ಪಂದಕ್ಕೆ ಎರಡು ಕ್ಲಬ್ಬಿನ ಜೊತೆ ನಿಮ್ಮ ಮಗನೂ ಸಹಿ ಹಾಕ್ತಾನೆ, ಹಾಗಾಗಿ ಕೇಳೋ ಹಕ್ಕು ಅವನಿಗಿದೆ. ಸಂಬಳ ಯಾರು ಕೊಡ್ತಾರೆ, ಅರ್ಧರ್ಧ ಆದರೆ ಒಬ್ಬರು ತಡ ಮಾಡಿದಾಗ ಯಾರನ್ನ ಕೇಳಬೇಕು ಅನ್ನೋದು ಅದರಲ್ಲಿ ಇರಬೇಕು. ಮಂಡಿಗೆ ಪೆಟ್ಟಾದರೆ ಆಪರೇಷನ್ ಖರ್ಚು ಯಾರದು? ಇದನ್ನ ಬಾಯಿಮಾತಿಗೆ ಬಿಡಲೇಬೇಡಿ. ಆಮೇಲೆ, ಆಟಗಾರರು ಕ್ಲಬ್ ಬದಲಿಸಬಹುದಾದ ಜನವರಿ ಟ್ರಾನ್ಸ್‌ಫರ್ ಟೈಮಲ್ಲಿ ವಾಪಸ್ ಕರೆಸಿಕೊಳ್ಳೋ ಷರತ್ತು ಬೇಕು, ಆಡಿಸದಿದ್ದರೆ ಎತ್ತು ಬಿಚ್ಚಿಕೊಂಡು ಬರೋಕೆ. ಇಲ್ಲೊಂದು ಸಿಕ್ಕು ಇದೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ಒಂದು ಸೀಸನ್ನಿನಲ್ಲಿ ಮೂರು ಕ್ಲಬ್ಬಿಗೆ ನೋಂದಣಿ ಆಗಬಹುದು, ಆದರೆ ಅಧಿಕೃತ ಮ್ಯಾಚ್ ಆಡೋದು ಎರಡು ಕ್ಲಬ್ಬಿಗೆ ಮಾತ್ರ. ಸೀಸನ್ ಶುರುವಿನಲ್ಲಿ ಈ ಕ್ಲಬ್ಬಿಗೆ ಹತ್ತು ನಿಮಿಷ ಆಡಿ, ಆಮೇಲೆ ಲೋನಿನಲ್ಲಿ ಹತ್ತು ನಿಮಿಷ ಆಡಿಬಿಟ್ಟರೆ, ಮೂರನೆಯ ಕ್ಲಬ್ ಎಷ್ಟೇ ಕರೆದರೂ ಆ ವರ್ಷ ಆಡೋ ಹಾಗಿಲ್ಲ. ಲೋನ್ ಆಗೋದಾದರೆ ಸೀಸನ್ ಮೊದಲೇ ಆಗಲಿ.

ದೊಡ್ಡವರೂ ಇದೇ ದಾರಿಯಲ್ಲಿ ಬಂದವರು ಅಂತ ಮಗನಿಗೆ ಹೇಳಿ. ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್ ನಾಲ್ಕು ಕ್ಲಬ್ಬಿಗೆ ಲೋನ್ ಹೋಗಿದ್ದ: ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್. ಎಲ್ಲವೂ ಸಿಹಿ ಅಲ್ಲ. ನಾರ್ವಿಚ್‌ನಲ್ಲಿ ಪಾದದ ಮೂಳೆ ಮುರಿಯಿತು, ಲೆಸ್ಟರ್‌ನಲ್ಲಿ ಎಷ್ಟೋ ಸಲ ಬೆಂಚು. ನಮ್ಮ ಸುನಿಲ್ ಛೆಟ್ರಿ 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಸೇರಿದ. ಅಲ್ಲಿ ಬಿ ತಂಡದಲ್ಲೂ ಹೆಚ್ಚು ಆಡೋಕೆ ಸಿಗಲಿಲ್ಲ. 2013ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಲೋನಿನ ಮೇಲೆ ಬಂದ, ಆ ತಂಡ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗನ್ನ ಆ ಸೀಸನ್ನಿನಲ್ಲಿ ಗೆದ್ದಿತು. ಅದೇ ವರ್ಷ ಬೆಂಗಳೂರಿಗೆ ಬಂದ. ಲೋನ್ ಅಂದ್ರೆ ಹಿಂಬಡ್ತಿ ಅಂತ ಕೊರಗೋ ಹುಡುಗನಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನ್ನ ಹತ್ತಿರ ಇಲ್ಲ.

ಇನ್ನು ಮಾರಾಟ. ಮೂರು ವರ್ಷದ ಕಾಂಟ್ರಾಕ್ಟ್ ಅಂದಾಗ ನಿಮ್ಮ ಮನಸ್ಸು ಆ ಕಡೆ ವಾಲಿರುತ್ತೆ, ಸಹಜ. ಪ್ರತಿ ತಿಂಗಳು ದುಡ್ಡು ಬರುತ್ತೆ. ಆದರೆ ಕೊಳ್ಳೋ ಕ್ಲಬ್ಬಿನಲ್ಲಿ ಈಗ ಎಷ್ಟು ಸ್ಟ್ರೈಕರ್ ಇದ್ದಾರೆ, ಕಳೆದ ಸೀಸನ್ನಿನಲ್ಲಿ 21ರ ಒಳಗಿನ ಎಷ್ಟು ಹುಡುಗರನ್ನ ಆಡಿಸಿದ್ದಾರೆ ನೋಡಿ. ಮ್ಯಾಚ್ ಶೀಟುಗಳು ಫೋನಿನಲ್ಲೇ ಸಿಗುತ್ತವೆ, ಮಗನ ಕೈಲಿ ಎಣಿಸಿ. ಬೆಲ್ಜಿಯಂನ ಕೆವಿನ್ ಡಿ ಬ್ರೂಯ್ನೆ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಿಂದ 2012-13ರಲ್ಲಿ ಜರ್ಮನಿಯ ವೆರ್ಡರ್ ಬ್ರೆಮೆನ್‌ಗೆ ಲೋನ್ ಹೋಗಿ ಲೀಗಿನಲ್ಲಿ 10 ಗೋಲು ಹೊಡೆದ. ವಾಪಸ್ ಬಂದರೆ ಚೆಲ್ಸಿಯಲ್ಲಿ ಮತ್ತೆ ಬೆಂಚು. 2014ರ ಜನವರಿಯಲ್ಲಿ ವುಲ್ಫ್ಸ್‌ಬರ್ಗ್‌ಗೆ ಮಾರಿಬಿಟ್ಟರು. ಆಮೇಲೆ ಜಗತ್ತಿನ ದೊಡ್ಡ ಆಟಗಾರರಲ್ಲಿ ಒಬ್ಬನಾದ, ಆ ಕತೆ ನಿಮ್ಮ ಮಗನಿಗೇ ಗೊತ್ತು. ಅವನಿಗೆ ಲೋನ್ ಆಡೋಕೆ ಕಲಿಸಿತು, ಮಾರಾಟ ಬಿಡುಗಡೆ ಕೊಟ್ಟಿತು.

ನನ್ನ ಮಾತು ಇಷ್ಟು. ಈ ವರ್ಷ ಲೋನಿಗೆ ಕಳಿಸಿ, ಮೇಲಿನ ಷರತ್ತು ಕಾಗದದಲ್ಲಿ ಬಂದರೆ. ಅವನ್ನ ಬರೆಯೋಕೆ ಕ್ಲಬ್ ಹಿಂದೆಮುಂದೆ ನೋಡಿದರೆ ಮಾರಾಟವೇ ವಾಸಿ, ಯಾಕಂದ್ರೆ ಆಗ ಅವರಿಗೆ ನಿಮ್ಮ ಮಗ ಬೇಕಾಗಿಲ್ಲ ಅಂತಾಯ್ತು. ಇನ್ನೊಂದು, ಮಧ್ಯೆ ಯಾರಾದರೂ ಏಜೆಂಟ್ ಅಂತ ಬಂದು ‘ಟ್ರಯಲ್‌ಗೆ ಎರಡು ಲಕ್ಷ ಕೊಡಿ’ ಅಂದರೆ ಚಹಾ ಕೊಟ್ಟು ಕಳಿಸಿಬಿಡಿ. ಕಾಸು ಮಾತ್ರ ಕೊಡಬೇಡಿ.

ಪ್ರಶ್ನೆ: ನಾನು ಚೆಲ್ಸಿ ಅಭಿಮಾನಿ. ನಿದ್ದೆಗೆಟ್ಟು ಮ್ಯಾಚ್ ನೋಡ್ತೀನಿ. ಮೇಸನ್ ಮೌಂಟ್, ಕಾನರ್ ಗ್ಯಾಲಗರ್ ಥರ ಮನೇಲೇ ಬೆಳೆದ ಹುಡುಗರನ್ನ ಮಾರಿ ಹೊರಗಿನವರನ್ನ ತರ್ತಾರಲ್ಲ, ಇದು ಯಾವ ನ್ಯಾಯ?
— ಪಿಯುಸಿ ವಿದ್ಯಾರ್ಥಿ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನ್ಯಾಯ ಅಲ್ಲ ತಮ್ಮಾ, ಲೆಕ್ಕಾಚಾರ. ನೀನು ಕಾಮರ್ಸ್ ಆದರೆ ಬೇಗ ತಿಳಿಯುತ್ತೆ. 5 ಕೋಟಿ ಪೌಂಡ್ ಕೊಟ್ಟು ಐದು ವರ್ಷದ ಕಾಂಟ್ರಾಕ್ಟಿಗೆ ಒಬ್ಬನನ್ನ ತಂದರೆ, ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಅದನ್ನ ಐದು ವರ್ಷಕ್ಕೆ ಹಂಚಿ ವರ್ಷಕ್ಕೆ 1 ಕೋಟಿ ಖರ್ಚು ಅಂತ ಬರೀತಾರೆ. ಎರಡು ವರ್ಷ ಆದ ಮೇಲೆ ಅದೇ 5 ಕೋಟಿಗೆ ಮಾರಿದರೂ, ಇನ್ನೂ 3 ಕೋಟಿ ಪುಸ್ತಕದಲ್ಲಿ ಉಳಿದಿರೋದರಿಂದ ಲಾಭ 2 ಕೋಟಿ ಮಾತ್ರ. ಅಕಾಡೆಮಿ ಹುಡುಗನನ್ನ ಯಾರಿಂದಲೂ ಕೊಂಡಿಲ್ಲ, ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ. ಅವನನ್ನ 5 ಕೋಟಿಗೆ ಮಾರಿದರೆ ಐದಕ್ಕೆ ಐದೂ ಆ ವರ್ಷದ ಲಾಭ. ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ಮಾಡಬಾರದು ಅಂತ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆರೆ ಎಳೆದಾಗ, ಕ್ಲಬ್ಬುಗಳ ಕಣ್ಣು ಮೊದಲು ಬಿದ್ದದ್ದು ಮನೆ ಹುಡುಗರ ಮೇಲೆ. ಮೌಂಟ್ ಆರನೇ ವಯಸ್ಸಿಗೆ ಚೆಲ್ಸಿ ಸೇರಿದವನು, 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. ಗ್ಯಾಲಗರ್ 2024ರಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ. ತಮಾಷೆ ಅಂದ್ರೆ, ಮೌಂಟ್ ಹೋದ ವರ್ಷವೇ ಮ್ಯಾಂಚೆಸ್ಟರ್ ಸಿಟಿ ತನ್ನ ಅಕಾಡೆಮಿಯ ಕೋಲ್ ಪಾಮರ್‌ನನ್ನ ನಿಮ್ಮ ಚೆಲ್ಸಿಗೇ ಮಾರಿತು. ಮೊದಲ ಸೀಸನ್ನಿನಲ್ಲೇ ಲೀಗಿನಲ್ಲಿ 22 ಗೋಲು ಹೊಡೆದ. ಅವತ್ತು ನೀನು ಬೇಜಾರು ಮಾಡಿಕೊಂಡಿರಲಿಕ್ಕಿಲ್ಲ!

ಪ್ರಶ್ನೆ: ನಮ್ಮದು ಸಣ್ಣ ಕ್ಲಬ್. ಶಾಲಾ ಮೈದಾನದಲ್ಲಿ ಸಂಜೆ ಕೋಚಿಂಗ್. ನಮ್ಮ ಇಬ್ಬರು ಹುಡುಗರು, 14 ವರ್ಷದವರು, ದೊಡ್ಡ ಅಕಾಡೆಮಿಗೆ ಆಯ್ಕೆ ಆಗಿದ್ದಾರೆ. ಕಳಿಸೋದಾ? ನಾಳೆ ಅವರು ದೊಡ್ಡವರಾದರೆ ನಮ್ಮ ಕ್ಲಬ್ಬಿಗೆ ಏನಾದರೂ ಬರುತ್ತಾ?
— ಒಬ್ಬ ಕೋಚ್, ರಾಯಚೂರು

ಉತ್ತರ: ಕಳಿಸಿ ಸರ್. ಮೊದಲು ಈ ಕಡೆ ಹುಡುಗರು ಆಟಕ್ಕೆ ಅಂತ ದೂರದ ಊರುಗಳಿಗೆ ಹೋಗಬೇಕಿತ್ತು. ಈಗ ಬಳ್ಳಾರಿ ಜಿಲ್ಲೆಯಲ್ಲೇ, ತೋರಣಗಲ್ಲು ಪಕ್ಕದ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ, ಬೆಂಗಳೂರು ಎಫ್‌ಸಿ ತನ್ನ ಹುಡುಗರನ್ನ ಅಲ್ಲೇ ಇಟ್ಟು ಬೆಳೆಸಿದೆ. ಆದರೆ ಯಾವ ಅಕಾಡೆಮಿಯೇ ಆಗಲಿ, ಹೋಗೋ ಮೊದಲು ಸ್ಕೂಲಿನ ಏರ್ಪಾಡು ಏನು ಅಂತ ಕೇಳಿ. ಹತ್ತನೇ ಕ್ಲಾಸು ಎದುರಿಗಿದೆ. ಹೋದವರಲ್ಲಿ ಜಾಸ್ತಿ ಹುಡುಗರು ವಾಪಸ್ ಬರ್ತಾರೆ, ಅದನ್ನ ಅಪ್ಪ-ಅಮ್ಮನಿಗೆ ಈಗಲೇ ಹೇಳಿಬಿಡಿ. ಇಂಗ್ಲೆಂಡ್ ಆಟಗಾರ ಡೆಕ್ಲಾನ್ ರೈಸ್‌ನನ್ನ 14ಕ್ಕೆ ಚೆಲ್ಸಿ ಅಕಾಡೆಮಿ ಮನೆಗೆ ಕಳಿಸಿತ್ತು. ವೆಸ್ಟ್ ಹ್ಯಾಮ್ ಕರೆದುಕೊಂಡಿತು. 2023ರಲ್ಲಿ ಆರ್ಸೆನಲ್ ಅವನಿಗೆ 10 ಕೋಟಿ ಪೌಂಡ್ ಕೊಟ್ಟಿತು. ವಾಪಸ್ ಬಂದ ಹುಡುಗ ಮುಖ ತಪ್ಪಿಸಿಕೊಂಡು ಓಡಾಡೋ ಹಾಗೆ ಆಗಬಾರದು, ಮಾರನೇ ದಿನ ಸಂಜೆ ನಿಮ್ಮ ಮೈದಾನಕ್ಕೆ ಬರಬೇಕು. ಅದು ನಿಮ್ಮ ಕೈಲಿದೆ.

ದುಡ್ಡಿನ ವಿಷಯ. ಕೇಳೋಕೆ ಸಂಕೋಚ ಪಡಬೇಡಿ, ಚೆಂಡು ಬಿಟ್ಟಿ ಬರಲ್ಲ. ಆಟಗಾರ ಕಾಂಟ್ರಾಕ್ಟ್ ಇರುವಾಗಲೇ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಾಟವಾದರೆ, ಆ ಮೊತ್ತದ ಶೇ 5ರಷ್ಟನ್ನ ಅವನನ್ನ 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು ಅನ್ನೋದು ಫಿಫಾ ನಿಯಮ. 12ರಿಂದ 15ರವರೆಗೆ ಸೀಸನ್ನಿಗೆ ಶೇ 0.25, ಆಮೇಲೆ ಶೇ 0.5. ನಿಮ್ಮ ಹುಡುಗ ನಿಮ್ಮಲ್ಲಿ ಎರಡು ಸೀಸನ್ ಇದ್ದ ಅಂದುಕೊಳ್ಳಿ. ನಾಳೆ ವಿದೇಶಿ ಕ್ಲಬ್ಬೊಂದು ಅವನಿಗೆ 1 ಕೋಟಿ ರೂಪಾಯಿ ಕೊಟ್ಟರೆ ನಿಮ್ಮ ಪಾಲು 50,000. ಇಪ್ಪತ್ತು ಮೂವತ್ತು ಒಳ್ಳೆ ಚೆಂಡು ಬರುತ್ತವೆ. ಭಾರತದೊಳಗೆ, ಇಲ್ಲಿಯ ಕ್ಲಬ್ಬಿನಿಂದ ಇಲ್ಲಿಯ ಕ್ಲಬ್ಬಿಗೆ ಹೋದರೆ ಈ ಲೆಕ್ಕ ನಿಮಗೆ ಬರಲ್ಲ.

ಇದೆಲ್ಲ ಸಿಗಬೇಕಾದರೆ ನಿಮ್ಮ ಕ್ಲಬ್ ಫುಟ್‌ಬಾಲ್ ಸಂಸ್ಥೆಗೆ ಸೇರಿರಬೇಕು, ಹುಡುಗನ ಹೆಸರು ನಿಮ್ಮ ಕ್ಲಬ್ಬಿನ ಆಟಗಾರ ಅಂತ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆನ್‌ಲೈನ್ ನೋಂದಣಿಯಲ್ಲಿ ಇರಬೇಕು. ನಮ್ಮ ಕಡೆ ಎಡವೋದು ಇಲ್ಲೇ. ಆಡಿಸೋದು ಆರು ವರ್ಷ, ಕಾಗದ ಒಂದೂ ಇಲ್ಲ. ಹುಡುಗರು ಹೊರಡೋ ಮೊದಲು ನೋಂದಣಿ ಆಗಿದೆಯಾ ನೋಡಿ. ಹುಟ್ಟಿದ ದಿನಾಂಕ ಸ್ಕೂಲಿನಲ್ಲೂ ಆಧಾರ್‌ನಲ್ಲೂ ಒಂದೇ ಇದೆಯಾ ನೋಡಿ, ವಯಸ್ಸು ಪತ್ತೆಗೆ ಮಣಿಕಟ್ಟಿನ ಎಕ್ಸ್‌ರೇ ತೆಗೀತಾರೆ, ಅಲ್ಲಿ ಸುಳ್ಳು ನಡೆಯಲ್ಲ. ಹಳೇ ಟೂರ್ನಮೆಂಟುಗಳ ಟೀಮ್ ಶೀಟ್ ಬೀರುವಿನಲ್ಲಿ ಬಿದ್ದಿದ್ದರೆ ಗೆದ್ದಲು ಹಿಡಿಯೋ ಮುಂಚೆ ಫೋಟೋ ತೆಗೆದು ಇಟ್ಟುಕೊಳ್ಳಿ.